ಕಂಚಿನ ಮೆಟ್ಟಿಲು ಹತ್ತದೆ ಕಬ್ಬಿಣ ಸಿಗದೇ? ಸ್ಟ್ರಾಟೆಜಿ ಗೇಮ್‌ಗಳ ಪ್ರಾಚೀನ ತಂತ್ರಜ್ಞಾನ ಎಷ್ಟು ನಿಜ

2025ರ ಜನವರಿ 23ರಂದು ತಮಿಳುನಾಡಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರು ಆ ರಾಜ್ಯದ ಪುರಾತತ್ವ ಇಲಾಖೆಯ ವರದಿಯೊಂದನ್ನು ಬಿಡುಗಡೆ ಮಾಡಿದರು. ತೂತ್ತುಕುಡಿ ಜಿಲ್ಲೆಯ ಶಿವಗಳೈನಲ್ಲಿ ಕಬ್ಬಿಣದ ವಸ್ತುಗಳ ಜೊತೆ ಸಿಕ್ಕ ಮಾದರಿಗಳ ಕಾಲ ಕ್ರಿ.ಪೂ. 3345ರವರೆಗೆ ಹಿಂದಕ್ಕೆ ಹೋಗುತ್ತದೆ, ಆದ್ದರಿಂದ ದಕ್ಷಿಣ ಭಾರತದಲ್ಲಿ ಕಬ್ಬಿಣದ ಬಳಕೆ 5,300 ವರ್ಷಗಳಷ್ಟು ಹಳೆಯದು ಎಂಬುದು ವರದಿಯ ಸಾರ. ಮೂರು ವಾರ ತುಂಬುವ ಮೊದಲೇ, ಫೆಬ್ರವರಿ 11ರಂದು, ಫಿರಾಕ್ಸಿಸ್ ಸಂಸ್ಥೆಯ ‘ಸಿವಿಲೈಸೇಶನ್ 7’ ಎಂಬ ಕಂಪ್ಯೂಟರ್ ಆಟ ಮಾರುಕಟ್ಟೆಗೆ ಬಂತು. ಮಾನವ ಇತಿಹಾಸವನ್ನು ಪ್ರಾಚೀನ, ಅನ್ವೇಷಣೆ ಮತ್ತು ಆಧುನಿಕ ಎಂಬ ಮೂರು ಯುಗಗಳಾಗಿ ವಿಂಗಡಿಸುವ ಈ ಆಟದಲ್ಲಿ ಮೌರ್ಯರು, ಚೋಳರು ಮತ್ತು ಮೊಘಲರು ಒಂದೊಂದು ಯುಗಕ್ಕೆ ಸೇರಿದ್ದಾರೆ.

ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದ ಯಾರಿಗಾದರೂ ಗೊಂದಲವಾಗುವುದು ಸಹಜ. 1991ರಲ್ಲಿ ಬಂದ ಸಿವಿಲೈಸೇಶನ್ ಸರಣಿಯ ಮೊದಲ ಆಟದಲ್ಲಿ ಕಂಚಿನ ವಿದ್ಯೆ ಕೈಗೂಡದೆ ಕಬ್ಬಿಣದ ವಿದ್ಯೆಯ ಬಾಗಿಲು ತೆರೆಯುತ್ತಿರಲಿಲ್ಲ. 2016ರ ಆರನೆಯ ಆವೃತ್ತಿಯಲ್ಲೂ ಅದೇ ನಿಯಮವಿತ್ತು. ಶಿವಗಳೈನ ಕಾಲನಿರ್ಣಯ ಸರಿಯಾಗಿದ್ದರೆ ಆಟದ ನಿಯಮ ತಪ್ಪೇ, ಅಥವಾ ಆಟ ಹೇಳುವ ಅನುಕ್ರಮಕ್ಕೆ ಹೊಂದದ ಕಾರಣ ಉತ್ಖನನದ ಫಲಿತಾಂಶವನ್ನೇ ಅನುಮಾನಿಸಬೇಕೇ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಇಸವಿಗಳನ್ನು ಪಕ್ಕಕ್ಕಿಟ್ಟು ಮೊದಲು ಆಟದ ಚೌಕಟ್ಟನ್ನು ನೋಡಬೇಕು. ಶಿರಸ್ತ್ರಾಣದ ಆಕಾರ ತಪ್ಪಿದೆ, ಕತ್ತಿಯ ಹಿಡಿ ಬೇರೆ ಶತಮಾನದ್ದು ಎಂಬಂಥ ದೋಷಗಳನ್ನು ಆಟಗಾರರೇ ಬೇಗ ಗುರುತಿಸುತ್ತಾರೆ, ತಯಾರಕರು ತಿದ್ದುತ್ತಾರೆ. ತಂತ್ರಜ್ಞಾನವೆಂದರೆ ಎಲ್ಲರೂ ಒಂದೇ ಕ್ರಮದಲ್ಲಿ ಹತ್ತಬೇಕಾದ ಮೆಟ್ಟಿಲುಸಾಲು ಎಂಬ ಕಲ್ಪನೆ ಮಾತ್ರ ಆಟದ ಅಡಿಪಾಯದಲ್ಲೇ ಸೇರಿಕೊಂಡಿದೆ, ಮತ್ತು ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ವೃಕ್ಷ ಎಲ್ಲಿಂದ ಬಂತು

ಆಟಗಾರರು ‘ಟೆಕ್ ಟ್ರೀ’ ಎಂದು ಕರೆಯುವ ತಂತ್ರಜ್ಞಾನ ವೃಕ್ಷದ ಬೇರು ಕಂಪ್ಯೂಟರಿಗಿಂತ ಮೊದಲಿನ ಹಲಗೆಯಾಟದಲ್ಲಿದೆ. ಬ್ರಿಟನ್ನಿನ ಫ್ರಾನ್ಸಿಸ್ ಟ್ರೆಶಮ್ 1980ರಲ್ಲಿ ಹೊರತಂದ ‘ಸಿವಿಲೈಸೇಶನ್’ ಎಂಬ ಹಲಗೆಯಾಟದಲ್ಲಿ ಆಟಗಾರರು ನಾಗರಿಕತೆಯ ಸಾಧನೆಗಳನ್ನು ಕಾರ್ಡುಗಳ ರೂಪದಲ್ಲಿ ಕೊಳ್ಳುತ್ತಿದ್ದರು, ಮತ್ತು ಕೆಲವು ಸಾಧನೆಗಳಿಗೆ ಬೇರೆ ಸಾಧನೆಗಳು ಪೂರ್ವಸಿದ್ಧತೆಯಾಗಿದ್ದವು. ಸಿಡ್ ಮೀಯರ್ ಮತ್ತು ಬ್ರೂಸ್ ಶೆಲ್ಲಿ 1991ರಲ್ಲಿ ರೂಪಿಸಿದ ಕಂಪ್ಯೂಟರ್ ಆಟ ಅದನ್ನು ಕ್ರಿ.ಪೂ. 4000ದಿಂದ ಅಂತರಿಕ್ಷ ನೌಕೆಯವರೆಗೆ ಹಬ್ಬಿದ ದೊಡ್ಡ ಜಾಲವಾಗಿ ಬೆಳೆಸಿತು. ಮುಂದೆ ಶೆಲ್ಲಿ ಎನ್‌ಸೆಂಬಲ್ ಸ್ಟುಡಿಯೋಸ್ ಸೇರಿದರು. ಅಲ್ಲಿಂದ 1997ರಲ್ಲಿ ‘ಏಜ್ ಆಫ್ ಎಂಪೈರ್ಸ್’ ಬಂತು. ಅದರಲ್ಲಿ ಪ್ರತಿಯೊಂದು ಜನಾಂಗವೂ ಶಿಲಾಯುಗ, ಉಪಕರಣಯುಗ, ಕಂಚಿನ ಯುಗ, ಕಬ್ಬಿಣದ ಯುಗ ಎಂಬ ನಾಲ್ಕು ಹಂತಗಳನ್ನು ಇದೇ ಕ್ರಮದಲ್ಲಿ ದಾಟಬೇಕಿತ್ತು.

ಶಿಲೆ, ಕಂಚು, ಕಬ್ಬಿಣ ಎಂಬ ವಿಂಗಡಣೆಗೂ ಒಂದು ಹುಟ್ಟೂರಿದೆ. ಡೆನ್ಮಾರ್ಕಿನ ಕ್ರಿಶ್ಚಿಯನ್ ಯೂರ್ಗನ್ಸನ್ ಥಾಮ್ಸನ್ ಅವರು ಕೋಪನ್‌ಹೇಗನ್ನಿನ ವಸ್ತುಸಂಗ್ರಹಾಲಯದಲ್ಲಿ ರಾಶಿಬಿದ್ದಿದ್ದ ಪ್ರಾಚೀನ ವಸ್ತುಗಳನ್ನು ಜೋಡಿಸಲು ಈ ಕ್ರಮವನ್ನು ಬಳಸಿದರು, ಮತ್ತು 1836ರಲ್ಲಿ ಅದನ್ನು ಪ್ರಕಟಿಸಿದರು. ಸ್ಕ್ಯಾಂಡಿನೇವಿಯದ ಸಮಾಧಿಗಳಲ್ಲಿ ಸಿಕ್ಕ ವಸ್ತುಗಳ ಮಟ್ಟಿಗೆ ಅದು ಬಹಳ ಚೆನ್ನಾಗಿ ಕೆಲಸ ಮಾಡಿತು. ಒಂದು ಪ್ರದೇಶದ ವಸ್ತುಗಳನ್ನು ಕಪಾಟಿನಲ್ಲಿ ಜೋಡಿಸಲು ಹುಟ್ಟಿದ ಕ್ರಮ, ಪಠ್ಯಪುಸ್ತಕಗಳ ಮೂಲಕ ಜಗತ್ತಿನ ಇತಿಹಾಸದ ಕ್ರಮವೆಂಬಂತೆ ಹರಡಿ, ಕೊನೆಗೆ ಆಟದ ನಿಯಮವಾಯಿತು. ಪಠ್ಯಪುಸ್ತಕದಲ್ಲಿ ಇದ್ದಾಗ ಅದನ್ನು ಪ್ರಶ್ನಿಸಬಹುದಿತ್ತು. ಆಟದಲ್ಲಿ ಅದಕ್ಕೆ ಅವಕಾಶವೇ ಇಲ್ಲ, ಏಕೆಂದರೆ ಬೇರೆ ಕ್ರಮದಲ್ಲಿ ಒತ್ತಿದರೆ ಮುಂದಿನ ವಿದ್ಯೆಯ ಗುಂಡಿ ತೆರೆಯುವುದೇ ಇಲ್ಲ.

ಕಂಚು ಮತ್ತು ಕಬ್ಬಿಣದ ನಡುವಿನ ನಿಜವಾದ ಸಂಬಂಧ

ಕಂಚು ಮೊದಲು, ಕಬ್ಬಿಣ ಆಮೇಲೆ ಎಂಬ ಅನುಕ್ರಮಕ್ಕೆ ಕಾರಣವಿಲ್ಲದಿಲ್ಲ. ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಕಬ್ಬಿಣಕ್ಕೆ 1538 ಡಿಗ್ರಿ ಬೇಕು. ಕುಲುಮೆಯ ಶಾಖವನ್ನು ಹೆಚ್ಚಿಸುತ್ತ ಹೋದವರು ಮೊದಲು ತಾಮ್ರವನ್ನೂ ಕಂಚನ್ನೂ ಆಮೇಲೆ ಕಬ್ಬಿಣವನ್ನೂ ಪಡೆದರು ಎಂಬ ಕಥೆ ಈ ಅಂಕಿಗಳಿಂದ ಹುಟ್ಟುತ್ತದೆ. ಆದರೆ ಚೀನಾದ ಹೊರಗೆ ಪ್ರಾಚೀನ ಕಮ್ಮಾರರು ಸಾಮಾನ್ಯವಾಗಿ ಕಬ್ಬಿಣವನ್ನು ಕರಗಿಸುತ್ತಿರಲಿಲ್ಲ. ಅದಿರನ್ನು ಇದ್ದಿಲಿನ ಜೊತೆ ಸುಮಾರು 1200 ಡಿಗ್ರಿಯಲ್ಲಿ ಕಾಯಿಸಿದರೆ ಅದರಲ್ಲಿರುವ ಆಮ್ಲಜನಕ ಬಿಟ್ಟುಹೋಗಿ, ಕಿಟ್ಟ ಕರಗಿ ಹರಿದು, ಸ್ಪಂಜಿನಂಥ ಕಬ್ಬಿಣದ ಮುದ್ದೆ ಉಳಿಯುತ್ತದೆ. ಅದನ್ನು ಬಡಿದು ಬಡಿದು ಹದಕ್ಕೆ ತರುತ್ತಿದ್ದರು. ಈ ವಿಧಾನಕ್ಕೆ ಕಂಚಿನ ಎರಕದ ಅನುಭವ ನೆರವಾಗಬಹುದು, ಆದರೆ ಅದು ಅನಿವಾರ್ಯವಲ್ಲ.

ಈ ಅನುಕ್ರಮ ಎಲ್ಲೆಡೆ ನಡೆಯದಿರಲು ಎರಡನೆಯ ಕಾರಣ ಇನ್ನೂ ಮುಖ್ಯವಾದದ್ದು. ಕಂಚಿಗೆ ತಾಮ್ರದ ಜೊತೆ ತವರ ಬೇಕು, ಮತ್ತು ತವರ ಸಿಗುವ ಜಾಗಗಳು ಬಹಳ ಕಡಿಮೆ. ಹೀಗಾಗಿ ಕಂಚು ಎಂದರೆ ದೂರದ ವ್ಯಾಪಾರ, ಅರಮನೆ, ಉಗ್ರಾಣ, ಕಾವಲು. ಕಬ್ಬಿಣದ ಅದಿರಾದರೋ ಬಹುತೇಕ ಎಲ್ಲೆಡೆ ಇದೆ. ಆರಂಭದ ಮೆದು ಕಬ್ಬಿಣ ಒಳ್ಳೆಯ ಕಂಚಿಗಿಂತ ಗಟ್ಟಿಯೇನೂ ಆಗಿರಲಿಲ್ಲ. ಅದು ಗೆದ್ದದ್ದು ಹತ್ತಿರದಲ್ಲೇ, ಹೆಚ್ಚು ಪ್ರಮಾಣದಲ್ಲಿ ಸಿಗುತ್ತದೆ ಎಂಬ ಕಾರಣಕ್ಕೆ. ಆಟದಲ್ಲಿ ಕಂಚಿನ ಈಟಿಗಾರನಿಗಿಂತ ಕಬ್ಬಿಣದ ಕತ್ತಿಯವನು ಹೆಚ್ಚು ಬಲಶಾಲಿಯಾಗುವ ಲೆಕ್ಕ ಇತಿಹಾಸದಲ್ಲಿ ಇಷ್ಟು ಸರಳವಾಗಿ ನಡೆಯಲಿಲ್ಲ.

ತವರ ದುರ್ಲಭವಾಗಿದ್ದು ಅದಿರು ಹೇರಳವಾಗಿದ್ದ ನಾಡಿನಲ್ಲಿ ಏನಾಗಬಹುದು ಎಂಬುದಕ್ಕೆ ಕರ್ನಾಟಕವೇ ಒಳ್ಳೆಯ ಉದಾಹರಣೆ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಪದರ ಮತ್ತು ಬೃಹತ್ ಶಿಲಾಯುಗದ ಪದರ ಒಂದರ ಮೇಲೊಂದು ಕೂಡುವಲ್ಲಿ ಕಬ್ಬಿಣ ಸಿಕ್ಕಿತು. ಅದರ ಕಾಲ ಕ್ರಿ.ಪೂ. 1000ದ ಆಸುಪಾಸು. ತಾಮ್ರದ ವಸ್ತುಗಳು ಅಲ್ಲಲ್ಲಿ ಇದ್ದರೂ ಕಂಚೇ ಪ್ರಧಾನವಾಗಿದ್ದ ಪ್ರತ್ಯೇಕ ಯುಗವೊಂದು ದಕ್ಷಿಣದಲ್ಲಿ ಕಾಣುವುದಿಲ್ಲ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕದ ಬಹುಭಾಗದಲ್ಲೂ ಜನ ಕಲ್ಲಿನಿಂದ ನೇರವಾಗಿ ಕಬ್ಬಿಣಕ್ಕೆ ಬಂದರು. ನೈಜೀರಿಯದ ತರುಗದಲ್ಲಿ ಸಿಕ್ಕ ನೋಕ್ ಸಂಸ್ಕೃತಿಯ ಕುಲುಮೆಗಳು ಕ್ರಿ.ಪೂ. 500ರ ಸುಮಾರಿನವು. ಅಂದರೆ ಶಿವಗಳೈನ ವರದಿ ಬರುವುದಕ್ಕೆ ಎಷ್ಟೋ ಮೊದಲೇ ಆಟಗಳ ಈ ಮೆಟ್ಟಿಲುಸಾಲು ಎರಡು ಭೂಭಾಗಗಳಲ್ಲಿ ಹೊಂದುತ್ತಿರಲಿಲ್ಲ.

ಶಿವಗಳೈ ಕುರಿತು ಒಂದು ಎಚ್ಚರಿಕೆಯ ಮಾತನ್ನು ಇಲ್ಲೇ ಹೇಳಬೇಕು. ಅಲ್ಲಿ ಕಾಲ ನಿರ್ಣಯಿಸಿದ್ದು ಕಬ್ಬಿಣವನ್ನಲ್ಲ, ಅದರ ಜೊತೆಗಿದ್ದ ಇದ್ದಿಲು ಮತ್ತು ಮಡಕೆಚೂರುಗಳಂಥ ಮಾದರಿಗಳನ್ನು. ಆ ಮಾದರಿಗೂ ಕಬ್ಬಿಣಕ್ಕೂ ಇರುವ ನಂಟು ಎಷ್ಟು ಗಟ್ಟಿ, ಬೇರೆ ನೆಲೆಗಳಲ್ಲೂ ಇದೇ ಕಾಲ ಸಿಗುತ್ತದೆಯೇ ಎಂದು ಪುರಾತತ್ವಜ್ಞರು ಕೇಳುತ್ತಿರುವುದು ನ್ಯಾಯವಾದ ಪ್ರಶ್ನೆ. ಇನ್ನೊಂದೆಡೆ, ಕಬ್ಬಿಣದ ವಸ್ತು ಸಿಕ್ಕಿದ ಮಾತ್ರಕ್ಕೆ ಅದಿರು ಕಾಯಿಸುವ ವಿದ್ಯೆ ಇತ್ತೆಂದು ಅರ್ಥವಲ್ಲ: ಈಜಿಪ್ಟಿನ ಗೆರ್ಜೆಯಲ್ಲಿ ಸಿಕ್ಕ, 5,000 ವರ್ಷಕ್ಕೂ ಹಳೆಯ ಕಬ್ಬಿಣದ ಮಣಿಗಳು ಉಲ್ಕೆಯ ಕಬ್ಬಿಣದಿಂದ ಮಾಡಿದವು. ಹೀಗೆ ಸಾಕ್ಷ್ಯವನ್ನು ತೂಗಿ ನೋಡುವ ಕೆಲಸ ನಡೆಯುತ್ತಿರುವಾಗ, ಆಟದ ನಿಯಮವನ್ನು ಒರೆಗಲ್ಲಾಗಿ ಬಳಸುವುದಕ್ಕೆ ಯಾವ ಆಧಾರವೂ ಇಲ್ಲ.

ಒಂದು ಗುಂಡಿಗೆ ದಕ್ಕುವ ಉಕ್ಕು

ದಕ್ಷಿಣ ಭಾರತದ ಲೋಹವಿದ್ಯೆ ಆಟಗಳಲ್ಲಿ ನೇರವಾಗಿ ಕಾಣಿಸಿಕೊಂಡದ್ದು ‘ಏಜ್ ಆಫ್ ಎಂಪೈರ್ಸ್ 2’ರಲ್ಲಿ. 1999ರಲ್ಲಿ ಬಂದು 2019ರಲ್ಲಿ ನವೀಕೃತವಾದ ಆ ಆಟಕ್ಕೆ 2022ರ ಏಪ್ರಿಲ್ 28ರಂದು ಭಾರತದ ರಾಜವಂಶಗಳ ವಿಸ್ತರಣೆ ಸೇರಿತು. ಅಲ್ಲಿಯವರೆಗೆ ‘ಭಾರತೀಯರು’ ಎಂಬ ಒಂದೇ ಹೆಸರಿನಡಿ ಇದ್ದವರ ಜಾಗದಲ್ಲಿ ಹಿಂದುಸ್ತಾನಿಗಳು, ಗುರ್ಜರರು, ಬಂಗಾಳಿಗಳು ಮತ್ತು ದ್ರಾವಿಡರು ಬಂದರು. ದ್ರಾವಿಡರಿಗೆ ಸಿಕ್ಕ ವಿಶೇಷ ತಂತ್ರಜ್ಞಾನ ಪಾಶ್ಚಾತ್ಯರು ‘ವೂಟ್ಜ್’ ಎಂದು ಕರೆದ ಮೂಸೆಯುಕ್ಕು. ಕೋಟೆಯಲ್ಲಿ ಗುಂಡಿ ಒತ್ತಿ, ನಿಗದಿತ ಆಹಾರ ಮತ್ತು ಚಿನ್ನ ತೆತ್ತು, ಸ್ವಲ್ಪ ಹೊತ್ತು ಕಾದರೆ, ಆ ಕ್ಷಣದಿಂದ ಎಲ್ಲ ಕಾಲಾಳುಗಳ ಮತ್ತು ಕುದುರೆ ಸವಾರರ ಹೊಡೆತ ಎದುರಾಳಿಯ ಕವಚವನ್ನು ಲೆಕ್ಕಿಸದೆ ತಾಗುತ್ತದೆ.

ನಮ್ಮ ಲೋಹವಿದ್ಯೆಗೆ ಜಾಗತಿಕ ಆಟವೊಂದು ಹೆಸರು ಕೊಟ್ಟದ್ದು ಸಣ್ಣ ಸಂಗತಿಯಲ್ಲ, ಮತ್ತು ಅದನ್ನು ಮೆಚ್ಚಲೇಬೇಕು. ಆದರೆ ಆ ಉಕ್ಕು ನಿಜವಾಗಿ ಹೇಗೆ ಆಗುತ್ತಿತ್ತು ಎಂಬುದನ್ನು ನೋಡಿದರೆ, ಗುಂಡಿ ಏನನ್ನು ಮರೆಮಾಡುತ್ತದೆ ಎಂಬುದು ತಿಳಿಯುತ್ತದೆ. ಟಿಪ್ಪು ಸುಲ್ತಾನನ ಪತನದ ನಂತರ, 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಉಕ್ಕಿನ ಕುಲುಮೆಗಳನ್ನು ಕಂಡು ವಿವರಿಸಿದ್ದಾನೆ. ಮೆದು ಕಬ್ಬಿಣದ ತುಂಡು, ತಂಗಡಿ ಗಿಡದ ಕಟ್ಟಿಗೆಯ ಚೂರು, ಒಂದೆರಡು ಹಸಿರೆಲೆ, ಇಷ್ಟನ್ನು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಗೆ ಜೇಡಿಮಣ್ಣು ಮೆತ್ತಿ, ಹಲವು ಮೂಸೆಗಳನ್ನು ಒಟ್ಟಿಗೆ ಕುಲುಮೆಯಲ್ಲಿ ಜೋಡಿಸಿ, ತಿದಿ ಒತ್ತುತ್ತ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಕಟ್ಟಿಗೆ ಮತ್ತು ಎಲೆಯಲ್ಲಿದ್ದ ಇಂಗಾಲವನ್ನು ಹೀರಿಕೊಂಡ ಕಬ್ಬಿಣ ಕಡಿಮೆ ಶಾಖಕ್ಕೇ ಕರಗಿ, ನಿಧಾನವಾಗಿ ತಣಿದು, ಶೇಕಡ 1ರಿಂದ 2ರಷ್ಟು ಇಂಗಾಲವಿರುವ ಉಕ್ಕಿನ ಗಟ್ಟಿಯಾಗುತ್ತಿತ್ತು.

ಅಲ್ಲಿಗೂ ಕೆಲಸ ಮುಗಿಯುತ್ತಿರಲಿಲ್ಲ. ಇಂಥ ಗಟ್ಟಿಗಳು ತೆಲಂಗಾಣದ ಕೋನಸಮುದ್ರದಂಥ ಕೇಂದ್ರಗಳಿಂದ ವ್ಯಾಪಾರಿಗಳ ಮೂಲಕ ಪರ್ಷಿಯಕ್ಕೆ ಹೋಗಿ, ಅಲ್ಲಿನ ಕಮ್ಮಾರರ ಕೈಯಲ್ಲಿ ನೀರಿನ ಅಲೆಯಂಥ ಗೆರೆಗಳುಳ್ಳ ಕತ್ತಿಗಳಾಗುತ್ತಿದ್ದವು. ಐರೋಪ್ಯ ಕಮ್ಮಾರರು ತಮಗೆ ರೂಢಿಯಾಗಿದ್ದಂತೆ ಬಿಳಿಗಾವಿಗೆ ಕಾಯಿಸಿ ಬಡಿದಾಗ ಅದು ಪುಡಿಪುಡಿಯಾಯಿತು. ಕಡಿಮೆ ಶಾಖದಲ್ಲಿ ತಾಳ್ಮೆಯಿಂದ ಬಡಿಯಬೇಕೆಂಬ ಹದ ಅವರಿಗೆ ತಿಳಿದಿರಲಿಲ್ಲ. 1790ರ ದಶಕದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಮಾದರಿಗಳು ತಲುಪಿದವು, 1795ರಲ್ಲಿ ಜಾರ್ಜ್ ಪಿಯರ್ಸನ್ ಅವುಗಳ ಪರೀಕ್ಷೆಯ ವಿವರ ಪ್ರಕಟಿಸಿದರು, ಮುಂದೆ ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿಯೂ ಅದನ್ನು ಮರುಸೃಷ್ಟಿಸಲು ಯತ್ನಿಸಿದರು. ಅದಿರಿನಲ್ಲಿದ್ದ ವೆನೇಡಿಯಂನಂಥ ಧಾತುಗಳ ಅತ್ಯಲ್ಪ ಅಂಶವೂ ಆ ಗೆರೆಗಳಿಗೆ ಕಾರಣ ಎಂಬುದನ್ನು ಲೋಹವಿಜ್ಞಾನಿಗಳು ತೋರಿಸಿದ್ದು 20ನೆಯ ಶತಮಾನದ ಕೊನೆಯಲ್ಲಿ. ಅಂದರೆ ಈ ತಂತ್ರಜ್ಞಾನ ಒಬ್ಬ ರಾಜನ ತಲೆಯಲ್ಲಿದ್ದ ವಿದ್ಯೆಯಾಗಿರಲಿಲ್ಲ. ಒಂದು ನಿರ್ದಿಷ್ಟ ಅದಿರು, ಹತ್ತಿರದ ಕಾಡಿನ ಇದ್ದಿಲು, ಮೂಸೆ ಮಾಡುವವರ ಕೈ, ಸಮುದ್ರದಾಚೆಯ ಕಮ್ಮಾರನ ಹದ, ಕತ್ತಿ ಕೊಳ್ಳುವವರ ಬೇಡಿಕೆ ಇವೆಲ್ಲ ಸೇರಿದಾಗ ಅದು ಇತ್ತು. ಬ್ರಿಟನ್ನಿನ ಅಗ್ಗದ ಉಕ್ಕು ಬಂದು, ಕತ್ತಿಗಳಿಗೆ ಗಿರಾಕಿ ಇಲ್ಲದಾಗಿ, ಇದ್ದಿಲಿಗೆ ಕಾಡು ದಕ್ಕದಂತಾದಾಗ 19ನೆಯ ಶತಮಾನದಲ್ಲಿ ಅದು ಇಲ್ಲವಾಯಿತು. ಆಟದ ವೃಕ್ಷದಲ್ಲಿ ಒಮ್ಮೆ ಪಡೆದ ವಿದ್ಯೆ ಎಂದೂ ಕಳೆದುಹೋಗುವುದಿಲ್ಲ. ವಿದ್ಯೆ ಕಳೆದುಕೊಂಡ ನಾಡಿನ ಇತಿಹಾಸವನ್ನು ಹೇಳಲು ಅಂಥ ವೃಕ್ಷಕ್ಕೆ ಸಾಧ್ಯವೇ ಇಲ್ಲ ಎಂಬುದು ಅದರ ಮೇಲಿನ ಅತಿ ಗಂಭೀರ ಆಕ್ಷೇಪ.

ಇದೇ ಆಟದ ಕಮ್ಮಾರಸಾಲೆಯಲ್ಲಿ ಇನ್ನೊಂದು ವಿವರವಿದೆ. ಸೈನಿಕರ ಹೊಡೆತದ ಬಲ ಹೆಚ್ಚಿಸಲು ಮೊದಲು ಬಡಿಗೆಲಸ, ಆಮೇಲೆ ಕಬ್ಬಿಣದ ಎರಕ, ಕೊನೆಗೆ ಊದುಕುಲುಮೆ ಎಂಬ ಮೂರು ಹಂತಗಳಿವೆ, ಮತ್ತು ಊದುಕುಲುಮೆಯೇ ಅತಿ ಹೆಚ್ಚಿನ ಬಲ ಕೊಡುತ್ತದೆ. ಊದುಕುಲುಮೆಯಿಂದ ಬರುವುದು ಶೇಕಡ 4ರಷ್ಟು ಇಂಗಾಲವಿರುವ, ಪೆಟ್ಟು ಬಿದ್ದರೆ ಒಡೆಯುವ ಬೀಡು ಕಬ್ಬಿಣ. ಅದರಿಂದ ನೇರವಾಗಿ ಕತ್ತಿ ಮಾಡಲಾಗದು, ಇಂಗಾಲ ತೆಗೆಯುವ ಇನ್ನೊಂದು ಪ್ರಕ್ರಿಯೆ ಬೇಕು. ಚೀನಾದಲ್ಲಿ ಕ್ರಿಸ್ತಪೂರ್ವದಲ್ಲೇ ಎರಕದ ಕಬ್ಬಿಣ ಬಳಕೆಯಲ್ಲಿತ್ತು, ಯೂರೋಪಿನಲ್ಲಿ ಮಧ್ಯಯುಗದ ಕೊನೆಯ ಭಾಗದವರೆಗೆ ಇರಲಿಲ್ಲ. ಪರಸ್ಪರ ಬೇರೆಯಾದ ಮೂರು ಹಾದಿಗಳನ್ನು ಆಟ ಒಂದೇ ಏಣಿಯ ಮೂರು ಮೆಟ್ಟಿಲುಗಳಾಗಿಸಿದೆ.

ತಯಾರಕರು ಕೊಡುವ ಕಾರಣ

ಇಷ್ಟೆಲ್ಲ ತಿಳಿದೂ ತಯಾರಕರು ಹೀಗೇಕೆ ಮಾಡುತ್ತಾರೆ? ಉದಾಸೀನವೇ ಕಾರಣ ಎನ್ನುವುದು ಅನ್ಯಾಯವಾದೀತು. ಆಟವೆಂದರೆ ಕುತೂಹಲ ಹುಟ್ಟಿಸುವ ನಿರ್ಧಾರಗಳ ಸರಣಿ ಎಂಬುದು ಸಿಡ್ ಮೀಯರ್ ಅವರ ಪ್ರಸಿದ್ಧ ವ್ಯಾಖ್ಯೆ. ನಿರ್ಧಾರ ಮಾಡಬೇಕಾದರೆ ಮುಂದೇನು ಸಿಗುತ್ತದೆಂದು ಆಟಗಾರನಿಗೆ ಗೊತ್ತಿರಬೇಕು. ಇತಿಹಾಸದ ಕುಲುಮೆಯವನಿಗೆ ಅದು ಗೊತ್ತಿರಲಿಲ್ಲ, ಆದರೆ ಏನೂ ಗೊತ್ತಿಲ್ಲದೆ ಹೂಡುವ ಬಂಡವಾಳ ಆಟದಲ್ಲಿ ಜೂಜಾಗುತ್ತದೆ. ಇದರ ಮೇಲೆ ಸಮತೋಲನದ ಒತ್ತಡವೂ ಇದೆ: ಇಬ್ಬರು ಆಟಗಾರರು ಬೇರೆ ಬೇರೆ ಜನಾಂಗಗಳನ್ನು ಆಯ್ದುಕೊಂಡರೂ ಗೆಲ್ಲುವ ಅವಕಾಶ ಸರಿಸುಮಾರು ಸಮನಾಗಿರಬೇಕು.

ಸಮತೋಲನ ಎಲ್ಲಿ ಇತಿಹಾಸಕ್ಕೆ ದಾರಿ ಬಿಡುತ್ತದೆ, ಎಲ್ಲಿ ಬಿಡುವುದಿಲ್ಲ ಎಂಬುದಕ್ಕೆ ‘ಏಜ್ ಆಫ್ ಎಂಪೈರ್ಸ್ 2’ರಲ್ಲಿರುವ ಮೆಕ್ಸಿಕೋದ ಅಜ್ಟೆಕ್ ಜನಾಂಗವನ್ನು ನೋಡಬಹುದು. ಅವರಲ್ಲಿ ಕುದುರೆಗಳಿರಲಿಲ್ಲ, 2000ದ ವಿಸ್ತರಣೆಯಲ್ಲಿ ಅವರನ್ನು ಸೇರಿಸಿದಾಗ ತಯಾರಕರು ಕುದುರೆ ಸವಾರರ ಬದಲು ವೇಗವಾಗಿ ಓಡುವ ಹದ್ದಿನ ವೇಷದ ಯೋಧರನ್ನು ಕೊಟ್ಟರು. ದಕ್ಷಿಣ ಏಷ್ಯದವರಿಗೂ ಹಾಗೆಯೇ ಕೋಟೆಬಾಗಿಲು ಒಡೆಯುವ ಟಗರುದಿಮ್ಮಿಯ ಬದಲು ಕವಚ ತೊಟ್ಟ ಆನೆ ಬಂತು. ಕೆಲಸ ಅದೇ, ಸಾಧನ ಬೇರೆ, ಇತಿಹಾಸಕ್ಕೆ ಹತ್ತಿರ. ಆದರೆ ದೂರದಿಂದ ಕೋಟೆ ಕೆಡವುವ ಭಾರತೂಕದ ಕವಣೆಯಂತ್ರವನ್ನು, ಅಂದರೆ ಟ್ರೆಬುಶೆಯನ್ನು, ಅಜ್ಟೆಕ್ ಮತ್ತು ಮಾಯಾ ಜನರಿಗೂ ಕೊಡಬೇಕಾಯಿತು, ಏಕೆಂದರೆ ಅದಕ್ಕೆ ಬದಲಿ ಸಾಧನ ಅವರ ಇತಿಹಾಸದಲ್ಲಿರಲಿಲ್ಲ, ಮತ್ತು ಅದಿಲ್ಲದೆ ಕೋಟೆ ಬೀಳುವುದು ಕಷ್ಟ, ಕೋಟೆ ಬೀಳದೆ ಆಟ ಮುಗಿಯುವುದೂ ಕಷ್ಟ. ನಿಜವಾದ ಇತಿಹಾಸದಲ್ಲಿ 1521ರಲ್ಲಿ ಅಜ್ಟೆಕ್ ರಾಜಧಾನಿಯನ್ನು ಮುತ್ತಿದ ಸ್ಪೇನಿನವರು ಇಂಥ ಯಂತ್ರವೊಂದನ್ನು ಕಟ್ಟಲು ಹೋಗಿ, ಎಸೆದ ಕಲ್ಲು ನೇರ ಮೇಲಕ್ಕೆ ಹೋಗಿ ಯಂತ್ರದ ಮೇಲೆಯೇ ಬಿದ್ದಿತ್ತು. ವಿನ್ಯಾಸದ ಹೆಸರು ಕೇಳಿದ್ದರೆ ಸಾಲದು, ಕಟ್ಟಿ ಪಳಗಿದ ಕೈ ಬೇಕು. 12ನೆಯ ಶತಮಾನದ ಹೊತ್ತಿಗೆ ಮೆಡಿಟರೇನಿಯನ್ ಸುತ್ತ ರೂಪುಗೊಂಡ ಇದೇ ಯಂತ್ರ ಚೀನಾ ತಲುಪಿದ್ದೂ ಜನರ ಮೂಲಕವೇ: ಶಿಯಾಂಗ್‌ಯಾಂಗ್ ನಗರ ವರ್ಷಗಟ್ಟಲೆ ಮಣಿಯದಿದ್ದಾಗ ಕುಬ್ಲಾಯ್ ಖಾನ್ ಪಶ್ಚಿಮ ಏಷ್ಯದಿಂದ ಮುಸ್ಲಿಂ ಯಂತ್ರತಜ್ಞರನ್ನು ಕರೆಸಿದ, 1273ರಲ್ಲಿ ನಗರ ಶರಣಾಯಿತು.

2025ರ ಮೇ 6ರಂದು ಇದೇ ಆಟಕ್ಕೆ ಚೀನಾದ ಮೂರು ರಾಜ್ಯಗಳ ವಿಸ್ತರಣೆ ಬಂದಾಗ ಎದ್ದ ವಿವಾದವನ್ನೂ ಈ ಹಿನ್ನೆಲೆಯಲ್ಲಿ ಓದಬೇಕು. ಕ್ರಿ.ಶ. 220ರಿಂದ 280ರವರೆಗೆ ಇದ್ದ ಶು, ವೇ, ವು ಎಂಬ ರಾಜ್ಯಗಳನ್ನು, ಅವುಗಳಿಗಿಂತ ಏಳೆಂಟು ಶತಮಾನ ಈಚಿನ ಖಿತಾನ್ ಮತ್ತು ಜುರ್ಚೆನ್ ಜನರ ಜೊತೆಗೇ ಸೇರಿಸಲಾಯಿತು. ಮಧ್ಯಯುಗದ ಆಟದಲ್ಲಿ ಮೂರನೆಯ ಶತಮಾನದ ಸೈನ್ಯವೇ, ಅಲ್ಪಕಾಲದ ರಾಜ್ಯವನ್ನು ಜನಾಂಗವೆನ್ನಬಹುದೇ ಎಂದು ಆಟಗಾರರು ಕೇಳಿದರು. ಐದನೆಯ ಶತಮಾನದ ಹೂಣರು ಮತ್ತು 16ನೆಯ ಶತಮಾನದ ಸ್ಪೇನಿನ ಬಂದೂಕುಧಾರಿಗಳು ಬಹುಕಾಲದಿಂದ ಅಲ್ಲಿ ಎದುರುಬದುರಾಗುತ್ತಿದ್ದಾರೆ ಎಂಬುದು ಮರುವಾದ. ಎರಡೂ ನಿಜ. ಕುತೂಹಲದ ಸಂಗತಿಯೆಂದರೆ ತಂತ್ರಜ್ಞಾನದ ಮಟ್ಟಿಗೆ ಈ ವಿಸ್ತರಣೆ ಹಿಂದಿನದಕ್ಕಿಂತ ಮೇಲು, ಏಕೆಂದರೆ ಮೂರು ರಾಜ್ಯಗಳಿಗೆ ಭಾರತೂಕದ ಯಂತ್ರದ ಬದಲು, ಜನರೇ ಹಗ್ಗ ಎಳೆದು ಕಲ್ಲೆಸೆಯುವ ಹಳೆಯ ಕವಣೆಯನ್ನು ಕೊಡಲಾಯಿತು. ಗದ್ದಲದಲ್ಲಿ ಈ ಒಳ್ಳೆಯ ತಿದ್ದುಪಡಿಗೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ.

ಎರಡು ಕೆರೆಗಳು, ಎರಡು ಯುಗಗಳು

ಸಿವಿಲೈಸೇಶನ್ 7ರಲ್ಲಿ ಆಯುಧಗಳಿಗಿಂತ ನೀರಿನ ವಿಷಯ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಕಾಂಬೋಡಿಯದ ಖ್ಮೇರರನ್ನು ಅದು ಪ್ರಾಚೀನ ಯುಗದಲ್ಲಿಟ್ಟು, ‘ಬರಾಯ್’ ಎಂಬ ಬೃಹತ್ ಕೆರೆಯನ್ನು ಅವರ ವಿಶೇಷ ನಿರ್ಮಾಣವಾಗಿ ಕೊಟ್ಟಿದೆ. ಚೋಳರು ಅದರ ಮುಂದಿನ ಅನ್ವೇಷಣೆಯ ಯುಗದಲ್ಲಿದ್ದಾರೆ. ಅಂಗ್ಕೋರಿನ ಪಶ್ಚಿಮ ಬರಾಯ್, ಸುಮಾರು 8 ಕಿಲೋಮೀಟರ್ ಉದ್ದ ಮತ್ತು 2 ಕಿಲೋಮೀಟರ್ ಅಗಲದ ಜಲಾಶಯ, 11ನೆಯ ಶತಮಾನದ್ದು. ರಾಜೇಂದ್ರ ಚೋಳ ತನ್ನ ಹೊಸ ರಾಜಧಾನಿ ಗಂಗೈಕೊಂಡಚೋಳಪುರದಲ್ಲಿ ಕಟ್ಟಿಸಿದ ಚೋಳಗಂಗಂ ಕೆರೆಯೂ 11ನೆಯ ಶತಮಾನದ್ದೇ. ಕಂಬುಜದ, ಅಂದರೆ ಖ್ಮೇರರ ನಾಡಿನ, ಅರಸ ರಾಜೇಂದ್ರನಿಗೆ ರಥವೊಂದನ್ನು ಕಳಿಸಿದ ಉಲ್ಲೇಖ ಚೋಳರ ಕರಂದೈ ತಾಮ್ರಪಟಗಳಲ್ಲಿದೆ. ಕಾಣಿಕೆಯ ನಂಟಿದ್ದ ಇಬ್ಬರು ಸಮಕಾಲೀನ ಅರಸರನ್ನು ಆಟ ಎರಡು ಬೇರೆ ಯುಗಗಳಲ್ಲಿ ಇಟ್ಟಿದೆ. ಪ್ರತಿ ಯುಗಕ್ಕೂ ಬೇರೆ ಬೇರೆ ಖಂಡಗಳ ಜನಾಂಗಗಳು ಸಾಕಷ್ಟು ಇರಬೇಕೆಂಬ ಹಂಚಿಕೆಯ ಅಗತ್ಯ ಇದರ ಹಿಂದೆ ಕಾಣುತ್ತದೆ, ಆದರೆ ಪರಿಣಾಮವಾಗಿ ಖ್ಮೇರರ ಜಲವಿದ್ಯೆ ಇತಿಹಾಸದ ಆರಂಭದ ಹಂತವೊಂದರಂತೆ ಕಾಣುತ್ತದೆ.

ಕೆರೆ ಕಟ್ಟುವ ವಿದ್ಯೆ ಎಷ್ಟು ಸೂಕ್ಷ್ಮವಾದದ್ದೆಂದು ತಿಳಿಯಲು ವಿಜಯನಗರ ಕಾಲದ ಒಂದು ಶಾಸನ ಸಾಕು. ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಕೆರೆಯೊಂದನ್ನು ಕಟ್ಟಿಸಿದ. ಸಾವಿರ ಕೂಲಿಯಾಳುಗಳು ಮತ್ತು ಕಲ್ಲು ಹೇರುವ ನೂರು ಬಂಡಿಗಳು ಎರಡು ವರ್ಷ ದುಡಿದವೆಂದು ಶಾಸನ ಹೇಳುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಅದು ಪಟ್ಟಿ ಮಾಡುತ್ತದೆ. ಜಲಶಾಸ್ತ್ರ ಬಲ್ಲ ಬ್ರಾಹ್ಮಣ ಮತ್ತು ಗಟ್ಟಿ ಜೇಡಿನೆಲ ಅವುಗಳಲ್ಲಿ ಸೇರಿವೆ. ಆರು ದೋಷಗಳನ್ನೂ ಹೇಳುತ್ತದೆ: ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು, ಕೆರೆಯ ನಡುವೆ ದಿಬ್ಬ, ನೀರು ಕಡಿಮೆಯಾಗಿ ಅಚ್ಚುಕಟ್ಟು ಹೆಚ್ಚಾಗುವುದು ಅಥವಾ ಅದರ ತಿರುಗುಮುರುಗು, ಮತ್ತು ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು. ಕೊನೆಯದನ್ನು ಗಮನಿಸಬೇಕು. ಗಡಿಯಲ್ಲಿರುವ ಕೆರೆಯ ಏರಿಯನ್ನು ನೋಡಿಕೊಳ್ಳುವವರು ಯಾರು, ನೀರು ಯಾರಿಗೆ ಎಂಬ ಜಗಳವನ್ನು ಆ ಕಾಲದ ತಜ್ಞರು ಮಣ್ಣಿನ ಗುಣದಷ್ಟೇ ತಾಂತ್ರಿಕ ಸಂಗತಿಯಾಗಿ ಕಂಡಿದ್ದರು.

ಕನ್ನಡ ನಾಡಿನ ಶಾಸನಗಳಲ್ಲಿ ಕೆರೆಯ ನಿರ್ಮಾಣಕ್ಕೂ ದುರಸ್ತಿಗೂ ಬಿಟ್ಟ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಭೂದಾನಗಳು ಮತ್ತೆ ಮತ್ತೆ ಬರುತ್ತವೆ. ತೂಬು ತೆರೆದು ಮುಚ್ಚುವ ನೀರಗಂಟಿ ಇಲ್ಲದಿದ್ದರೆ, ವರ್ಷ ವರ್ಷ ಹೂಳೆತ್ತದಿದ್ದರೆ, ಕೋಡಿ ಒಡೆದಾಗ ಊರವರು ಸೇರದಿದ್ದರೆ ಕೆರೆ ಉಳಿಯುವುದಿಲ್ಲ. ಆಟದಲ್ಲಿ ‘ನೀರಾವರಿ’ ಎಂಬುದು ಒಮ್ಮೆ ಕಲಿತು ಮುಗಿಸುವ ವಿದ್ಯೆ; ಇತಿಹಾಸದಲ್ಲಿ ಅದು ಪ್ರತಿ ಮಳೆಗಾಲಕ್ಕೂ ಮತ್ತೆ ಮಾಡಬೇಕಾದ ಒಪ್ಪಂದ.

‘ಮೊದಲು ನಾವು’ ಎಂಬ ವಾದದ ತೊಡಕು

ಈ ಚರ್ಚೆಯಲ್ಲಿ ಮುಖ್ಯವಾಗಿ ಮೂರು ನಿಲುವುಗಳು ಕೇಳಿಬರುತ್ತವೆ. ಆಟ ಆಟವೇ, ಅದರಿಂದ ಯಾರೂ ಇತಿಹಾಸ ಕಲಿಯುವುದಿಲ್ಲ ಎಂಬುದು ಒಂದು. ಇದು ಪೂರ್ತಿ ನಿಲ್ಲುವ ಮಾತಲ್ಲ: 2016ರಲ್ಲಿ ಸಿವಿಲೈಸೇಶನ್‌ನ ಪ್ರಕಾಶಕರೇ ಶಾಲೆಗಳಿಗಾಗಿ ಪ್ರತ್ಯೇಕ ಆವೃತ್ತಿಯೊಂದನ್ನು ಘೋಷಿಸಿದ್ದರು. ಇತಿಹಾಸಕಾರರ ಆಕ್ಷೇಪ ಇನ್ನೊಂದು. ಆಟಗಳೊಳಗಿನ ವಿಶ್ವಕೋಶದ ಪುಟಗಳು ಅನೇಕ ವೇಳೆ ಸರಿಯಾಗಿಯೇ ಇರುತ್ತವೆ, ಆದರೆ ಆಟಗಾರ ಆ ಪುಟವನ್ನು ಒಮ್ಮೆ ಓದಿದರೆ ನಿಯಮವನ್ನು ನೂರಾರು ಬಾರಿ ಆಡುತ್ತಾನೆ. ಪುಟ ಹೇಳಿದ್ದನ್ನು ಮರೆಯುತ್ತಾನೆ, ನಿಯಮ ಕಲಿಸಿದ್ದು ಉಳಿಯುತ್ತದೆ. ಚಕ್ರದ ವಿದ್ಯೆ ಇಲ್ಲದವನು ಹಿಂದುಳಿದವನು ಎಂದು ನಿಯಮ ಕಲಿಸಿದರೆ, ಚಕ್ರದ ಬಂಡಿಯಿಲ್ಲದೆಯೇ ಆಂಡೀಸ್ ಪರ್ವತಗಳಲ್ಲಿ ಸುಮಾರು 30,000 ಕಿಲೋಮೀಟರ್ ರಸ್ತೆಜಾಲ ಹೊಂದಿದ್ದ ಇಂಕಾ ಜನರನ್ನು ಅರ್ಥಮಾಡಿಕೊಳ್ಳುವುದು ಕಷ್ಟ. ಕಡಿದಾದ ಮೆಟ್ಟಿಲುದಾರಿಯಲ್ಲಿ ಲಾಮಾ ಮೇಲೆ ಹೊರೆ ಹೇರಿ ನಡೆಯುವವರಿಗೆ ಬಂಡಿಯಿಂದ ಏನು ಪ್ರಯೋಜನ?

ಮೂರನೆಯ ನಿಲುವು ಭಾರತದಲ್ಲಿ ಹೆಚ್ಚು ಕೇಳಿಬರುವಂಥದ್ದು. ನಮ್ಮ ಪೂರ್ವಜರು ಎಲ್ಲರಿಗಿಂತ ಮೊದಲೇ ಕಬ್ಬಿಣ ಕಂಡಿದ್ದರು, ಆದ್ದರಿಂದ ಆಟದಲ್ಲಿ ನಮಗೆ ಮೊದಲ ಸ್ಥಾನ ಸಿಗಬೇಕು ಎಂಬ ವಾದವಿದು. ಇದರ ಹಿಂದಿನ ನೋವು ಅರ್ಥವಾಗುವಂಥದ್ದು. ಈ ನಾಡಿನ ಕುಶಲಕರ್ಮಿಗಳ ಹೆಸರು ಜಗತ್ತಿನ ಇತಿಹಾಸದಲ್ಲಿ ಬಹುಕಾಲ ಕಾಣಿಸಲೇ ಇಲ್ಲ. ಆದರೆ ಮೊದಲು ಯಾರು ಎಂಬ ಪ್ರಶ್ನೆಗೆ ಅರ್ಥ ಬರುವುದು ಎಲ್ಲರೂ ಒಂದೇ ಏಣಿ ಹತ್ತುತ್ತಿದ್ದಾರೆಂದು ಒಪ್ಪಿದಾಗ ಮಾತ್ರ. ಶಿವಗಳೈ ಮತ್ತು ಹಳ್ಳೂರಿನ ಮಣ್ಣು ತೋರಿಸುತ್ತಿರುವುದು ಏಣಿಯೇ ಬೇರೆ ಎಂಬುದನ್ನು. ಮೂಸೆಯುಕ್ಕಿನ ವಿಷಯದಲ್ಲೂ ಅಷ್ಟೇ: ಅದನ್ನು ದ್ರಾವಿಡರ ಸ್ವತ್ತೆಂದು ಆಟ ಬರೆದಾಗ ನಮಗೆ ಸಂತೋಷವಾಗುತ್ತದೆ, ಆದರೆ ಕಟ್ಟಿಗೆ ಆಯ್ದು ಮೂಸೆ ಮೆತ್ತಿದವರೂ ಗಟ್ಟಿ ಹೊತ್ತು ಸಾಗಿಸಿದವರೂ ಪರ್ಷಿಯದಲ್ಲಿ ಬಡಿದವರೂ ಆ ಸಂತೋಷದಲ್ಲಿ ಕಾಣೆಯಾಗುತ್ತಾರೆ.

ಬದಲಾವಣೆ ಎಲ್ಲಿ ಕಾಣುತ್ತಿದೆ

ನಿಯಮ ಬದಲಾಗುವುದೇ ಇಲ್ಲ ಎಂದೇನೂ ಅಲ್ಲ. 2013ರಲ್ಲಿ ಬಂದ ‘ಯುರೋಪಾ ಯೂನಿವರ್ಸಾಲಿಸ್ 4’ ಆಟ 1444ರಿಂದ ಆರಂಭವಾಗುತ್ತದೆ ಮತ್ತು ಅದರಲ್ಲಿ ವಿಜಯನಗರವನ್ನು ಆಡಬಹುದು. ಮೊದಲಿಗೆ ಅದರಲ್ಲಿ ದೇಶಗಳನ್ನು ತಂತ್ರಜ್ಞಾನದ ಗುಂಪುಗಳಾಗಿ ವಿಂಗಡಿಸಲಾಗಿತ್ತು. ಭಾರತದ ಗುಂಪಿನಲ್ಲಿದ್ದ ವಿಜಯನಗರ ಅದೇ ವಿದ್ಯೆಗೆ ಪಶ್ಚಿಮ ಯೂರೋಪಿನವರಿಗಿಂತ ಹೆಚ್ಚು ಬೆಲೆ ತೆರಬೇಕಿತ್ತು, ಮತ್ತು ಅದರಿಂದ ಪಾರಾಗುವ ದಾರಿಯೆಂದರೆ ‘ಪಾಶ್ಚಾತ್ಯೀಕರಣ’. ಪರ್ಷಿಯದ ರಾಯಭಾರಿ ಅಬ್ದುರ್ ರಝಾಕ್ 1443ರಲ್ಲಿ ಕಂಡು ಬೆರಗಾದ ನಗರಕ್ಕೆ ಆಟ ಹುಟ್ಟಿನಿಂದಲೇ ದಂಡ ಹಾಕಿತ್ತು. 2016ರ ಅಕ್ಟೋಬರ್‌ನಲ್ಲಿ ತಯಾರಕರು ಆ ವ್ಯವಸ್ಥೆಯನ್ನು ಕಿತ್ತುಹಾಕಿ, ಊಳಿಗಮಾನ್ಯ ವ್ಯವಸ್ಥೆ, ನವೋದಯ, ಮುದ್ರಣಯಂತ್ರದಂಥ ‘ಸಂಸ್ಥೆಗಳು’ ಒಂದು ಕಡೆ ಹುಟ್ಟಿ ಪ್ರಾಂತದಿಂದ ಪ್ರಾಂತಕ್ಕೆ ಹರಡುವ ಕ್ರಮವನ್ನು ತಂದರು. ಹುಟ್ಟಿನ ದಂಡ ಹೋಯಿತು, ವಿದ್ಯೆ ಜನರ ನಡುವೆ ಹರಡುತ್ತದೆ ಎಂಬ ತಿಳಿವಳಿಕೆ ಬಂತು. ಆದರೂ ನವೋದಯ ಇಟಲಿಯಲ್ಲೇ ಹುಟ್ಟಬೇಕು, ಪೂರ್ವದವರು ಅದಕ್ಕಾಗಿ ಕಾಯಬೇಕು ಎಂಬ ದಿಕ್ಕು ಹಾಗೆಯೇ ಉಳಿಯಿತು.

2020ರ ‘ಕ್ರುಸೇಡರ್ ಕಿಂಗ್ಸ್ 3’ ಇನ್ನೊಂದು ಹೆಜ್ಜೆ ಇಟ್ಟಿತು: ಅದರಲ್ಲಿ ನಾವೀನ್ಯಗಳು ಅರಸನಿಗೆ ಸೇರಿದವಲ್ಲ, ಸಂಸ್ಕೃತಿಗೆ ಸೇರಿದವು, ಅರಸ ಸತ್ತರೂ ರಾಜ್ಯ ಹೋದರೂ ಆ ಜನರ ವಿದ್ಯೆ ಅವರ ಜೊತೆಗಿರುತ್ತದೆ. 2021ರ ‘ಓಲ್ಡ್ ವರ್ಲ್ಡ್’ ಆಟದಲ್ಲಿ ಮುಂದಿನ ವಿದ್ಯೆಯ ಆಯ್ಕೆಗಳು ಇಸ್ಪೀಟಿನ ಕಟ್ಟಿನಂತೆ ಕೆಲವೇ ಕೆಲವಾಗಿ ಕೈಗೆ ಬರುತ್ತವೆ, ಬೇಕಾದುದನ್ನು ಬೇಕಾದಾಗ ಪಡೆಯುವ ಭರವಸೆ ಇಲ್ಲ. ಅದನ್ನು ರೂಪಿಸಿದ ಸೋರೆನ್ ಜಾನ್ಸನ್ ಹಿಂದೆ ‘ಸಿವಿಲೈಸೇಶನ್ 4’ರ ಮುಖ್ಯ ವಿನ್ಯಾಸಕರಾಗಿದ್ದವರು. ಅನಿಶ್ಚಿತತೆ ಇದ್ದರೆ ಆಟ ಜೂಜಾಗುತ್ತದೆ ಎಂಬ ಹಳೆಯ ಭಯಕ್ಕೆ ಇದು ತಕ್ಕ ಉತ್ತರ, ಏಕೆಂದರೆ ಅಲ್ಲಿ ಅನಿಶ್ಚಿತತೆಯೇ ಒಳ್ಳೆಯ ನಿರ್ಧಾರಕ್ಕೆ ಆಸ್ಪದವಾಗಿದೆ. ಈ ಆಟಗಳಲ್ಲಿ ಇನ್ನೂ ಬಾರದೆ ಉಳಿದಿರುವುದು ವಿದ್ಯೆ ಕಳೆಯುವ ನಿಯಮ. ಯುದ್ಧದಲ್ಲಿ ಊರು ಪಾಳುಬಿದ್ದರೆ ಕೆರೆಯ ಏರಿ ಒಡೆಯುವಂತೆ, ಇದ್ದಿಲಿನ ಕಾಡು ಮುಗಿದರೆ ಕುಲುಮೆ ಆರುವಂತೆ, ಕಮ್ಮಾರರ ಕುಟುಂಬಗಳು ನೆರೆರಾಜ್ಯಕ್ಕೆ ವಲಸೆ ಹೋದರೆ ಉಕ್ಕಿನ ವಿದ್ಯೆಯೂ ಅವರ ಹಿಂದೆ ಹೋಗುವಂತೆ ಬರೆಯಲು ತಾಂತ್ರಿಕ ಅಡ್ಡಿಯೇನೂ ಇಲ್ಲ. ಸೈನಿಕರ ಸಂಬಳ, ಪ್ರಜೆಗಳ ಅಸಮಾಧಾನ, ವ್ಯಾಪಾರದ ಹಾದಿ ಇವುಗಳನ್ನೆಲ್ಲ ಈ ಆಟಗಳು ಆಗಲೇ ಲೆಕ್ಕಹಾಕುತ್ತಿವೆ. ಗಳಿಸಿದ್ದನ್ನು ಕಳೆದುಕೊಳ್ಳುವುದು ಆಟಗಾರರಿಗೆ ಹಿಡಿಸದು ಎಂಬುದಷ್ಟೇ ಅಡ್ಡಿ. ನಗರ ಕಳೆದುಕೊಳ್ಳುವುದನ್ನು, ಸೈನ್ಯ ಕಳೆದುಕೊಳ್ಳುವುದನ್ನು ಅದೇ ಆಟಗಾರರು ಮೂರು ದಶಕಗಳಿಂದ ಸಹಿಸಿಕೊಂಡು ಮತ್ತೆ ಮತ್ತೆ ಆಡುತ್ತಿದ್ದಾರೆ.